ಅಟ್ಟದ ಮೇಲಿನ ಸದ್ದು

ಜನವರಿ 5, ಭಾನುವಾರ

ಇವತ್ತಿನಿಂದ ನಮ್ಮ ಕೊಬ್ಬರಿ ಗೋದಾಮಿನಲ್ಲಿ ಬ್ಯಾಂಡು. ಬರೆಯುವುದಕ್ಕೇ ನಾಚಿಕೆಯಾಗುತ್ತದೆ. ಕಿಬ್ಬನಹಳ್ಳಿ ಸುತ್ತಮುತ್ತ ನಮ್ಮದು ಉಂಡೆ ಕೊಬ್ಬರಿಯ ಮನೆ ಎಂದು ಹೆಸರು. ಈಗ ದಾರಿಯಲ್ಲಿ ಹೋಗುವವರು ನಿಂತು, ಒಳಗೆ ಯಾರ ಮದುವೆ ಎಂದು ಕೇಳುತ್ತಾರೆ.

ಮೊಮ್ಮಗಳು ಜೀವಿತಾ ತುರುವೇಕೆರೆಯ ಶಾಲೆಯಲ್ಲಿ ಸಂಗೀತದ ಟೀಚರು. ಅಷ್ಟಕ್ಕೆ ಸುಮ್ಮನಿರಬಹುದಿತ್ತು. ಇವಳು ಕೀಬೋರ್ಡ್ ನುಡಿಸುವುದು, ಉಜ್ವಲ್ ಎಂಬ ಅಂಗಡಿಯವರ ಹುಡುಗ ಡ್ರಮ್ಮಿನ ಪ್ಯಾಡ್ ಬಡಿಯುವುದು, ಕಂದಿಕೆರೆ ಕಡೆಯ ಕುರಿ ಕಾಯುವವರ ಹಟ್ಟಿಯ ಬಿಂದುಶ್ರೀ ಹಾಡುವುದು, ಹೀಗೆ ತಂಡ ಕಟ್ಟಿದ್ದಾಳೆ. ಮುಂದಿನ ತಿಂಗಳು ತಿಪಟೂರಿನಲ್ಲಿ ಬಸವರಾಜಪ್ಪನವರ ಮಗಳ ಆರತಕ್ಷತೆ. ಅಲ್ಲೇ ಇವರ ಮೊದಲ ಕಾರ್ಯಕ್ರಮವಂತೆ. ಬಸವರಾಜಪ್ಪನವರು ನಮ್ಮ ಕೊಬ್ಬರಿ ಕೊಳ್ಳುವ ವರ್ತಕರು. ಅವರ ಎದುರಿಗೆ ನಮ್ಮ ಮನೆಯ ಹುಡುಗಿ ಸ್ಟೇಜಿನ ಮೇಲೆ ನಿಂತು ಬಾರಿಸಬೇಕು.

ಮಗ ರೇಣುಕಪ್ರಸಾದನ ಮುಂದೆ ಹೇಳಿದೆ. ಅವನು, "ಅವಳೇನು ಕದ್ದಿಲ್ಲ, ಓಡಿಹೋಗಿಲ್ಲ. ಬಿಡಮ್ಮ" ಎಂದ.

ಬಿಟ್ಟೆ. ಆದರೆ ಅಟ್ಟಕ್ಕೆ ಯಾರೂ ಹತ್ತಕೂಡದು ಎಂದು ಮೂವರಿಗೂ ಕೇಳುವಂತೆ ಹೇಳಿದೆ. ಹೋದ ವರ್ಷ ಏರಿಸಿದ ತೆಂಗಿನಕಾಯಿ ಗೋದಾಮಿನ ಅಟ್ಟದ ಮೇಲಿದೆ. ಕಾಯಿ ತಾನಾಗಿ ಒಣಗಬೇಕು. ಅಲ್ಲಾಡಿಸಿದರೆ ಮೊದಮೊದಲು ಒಳಗಿನ ನೀರಿನ ಸದ್ದು ಬರುತ್ತದೆ. ನೀರು ಇಂಗಿದ ಮೇಲೆ ಕೆಲವು ತಿಂಗಳು ಏನೂ ಸದ್ದಿಲ್ಲ. ಆಮೇಲೆ ಕೊಬ್ಬರಿ ಚಿಪ್ಪನ್ನು ಬಿಟ್ಟು ಉಂಡೆಯಾಗಿ ಒಳಗೇ ಉರುಳುತ್ತದೆ. ಆ ಲೊಡಲೊಡ ಸದ್ದು ಕೇಳಿದ ಮೇಲೆ ಅಟ್ಟ ಇಳಿಸುವುದು, ಅಂದರೆ ಕಾಯನ್ನೆಲ್ಲ ಕೆಳಗೆ ತರುವುದು. ನಮ್ಮ ಮನೆಯಲ್ಲಿ ಅದನ್ನು ಕೇಳುವುದು ಹಿರಿಯ ಹೆಂಗಸು ಮಾತ್ರ. ಅತ್ತೆ ಕೇಳುತ್ತಿದ್ದರು, ಅವರ ನಂತರ ನಾನು. ನಾನು ಆಯಿತು ಎಂದರೆ ಬಸವರಾಜಪ್ಪ ಒಂದು ಕಾಯನ್ನೂ ಒಡೆದು ನೋಡುವುದಿಲ್ಲ.

ಬೆಳಿಗ್ಗೆ ಹತ್ತಿ ನೋಡಿದೆ. ಇನ್ನೂ ಸದ್ದಿಲ್ಲ. ಈ ಸಲ ಮೌನದ ತಿಂಗಳು ಬಹಳ ಎಳೆಯುತ್ತಿದೆ.

ಸೊಸೆಯನ್ನು ಕರೆದರೆ ಉತ್ತರವೇ ಇಲ್ಲ. ಎದುರಿಗೆ ಬಂದು ನಿಲ್ಲುತ್ತಾಳೆ, ಅಷ್ಟೆ. ಓದಿದವರ ಮನೆಯಿಂದ ತಂದದ್ದು ನನ್ನ ತಪ್ಪು.

ಜನವರಿ 9, ಗುರುವಾರ

ಜೀವಿತಾ ಸಂಜೆಯೆಲ್ಲ ಫೋನು ಹಿಡಿದು ಸ್ಪೀಕರ್ ಆರಿಸುತ್ತಿದ್ದಳು. ಒಂದು ತೆಗೆಯುತ್ತಾಳೆ, ಇನ್ನೊಂದರ ಪಕ್ಕ ಇಡುತ್ತಾಳೆ, ಉಜ್ವಲನಿಗೆ ಫೋನು ಮಾಡುತ್ತಾಳೆ. ಮಿಕ್ಸರ್ ಯಾವುದು, ವೈರು ಯಾವುದು. ಗಂಡು ನೋಡುವುದಕ್ಕೂ ನಾವು ಇಷ್ಟು ಯೋಚಿಸಲಿಲ್ಲ. "ಭಾರವಾಗಿರೋದು ತಗೋ, ಹಗುರ ಇರೋದು ಜೊಳ್ಳು" ಎಂದೆ. ನಕ್ಕಳು.

ಇಯರ್‌ಫೋನಿನ ಕಥೆ ಬೇರೆ. ಸ್ಟೇಜಿನ ಮೇಲೆ ಮೂವರೂ ಕಿವಿಗೆ ಸಿಕ್ಕಿಸಿಕೊಳ್ಳಬೇಕಂತೆ. ಅದರಲ್ಲಿ ಟಿಕ್ ಟಿಕ್ ಎಂದು ತಾಳ ಬರುತ್ತದೆ, ಅವರಿಗೆ ಮಾತ್ರ ಕೇಳುತ್ತದೆ. ಲ್ಯಾಪ್‌ಟಾಪಿನಿಂದ ಬರುವ ಕೊಳಲು, ತಬಲಾ ಎಲ್ಲ ಅದೇ ತಾಳಕ್ಕೆ ಕಟ್ಟಿದೆ. ಒಬ್ಬರು ಜಾರಿದರೆ ಎಲ್ಲವೂ ಜಾರಿತು. ಉಜ್ವಲ್ ತಂದದ್ದು ವೈರಿಲ್ಲದ ಬ್ಲೂಟೂತಿನದು. ಅದು ಆಗುವುದಿಲ್ಲ ಎಂದು ಇವಳು ಹಟ ಹಿಡಿದಿದ್ದಾಳೆ.

"ಯಾಕೆ ಆಗಲ್ಲ?"

"ತಡವಾಗಿ ಕೇಳುತ್ತೆ ಅಜ್ಜಿ. ನಾನು ಇಲ್ಲಿ ಒತ್ತಿದ್ದು ಕಿವಿಗೆ ಬರೋ ಹೊತ್ತಿಗೆ ಹಾಡು ಮುಂದೆ ಹೋಗಿರುತ್ತೆ."

ನನಗೆ ಅರ್ಥವಾಯಿತು. ಚಿಕ್ಕವಳಿದ್ದಾಗ ಕೆರೆಯ ಈಚೆ ದಡದಿಂದ ನೋಡುತ್ತಿದ್ದೆ. ಆಚೆ ದಡದಲ್ಲಿ ಒಗೆಯುವವರ ಬಟ್ಟೆ ಕಲ್ಲಿಗೆ ಬಿದ್ದು, ಮತ್ತೆ ಕೈ ಮೇಲೆದ್ದ ಮೇಲೆ ಸದ್ದು ಬರುತ್ತಿತ್ತು. ಅದನ್ನು ಹೇಳಿದೆ. "ಅದೇ ಅಜ್ಜಿ, ಅದೇ!" ಎಂದು ಕುಣಿದಳು. ಆಮೇಲೆ ಮುಖ ಆಚೆ ತಿರುಗಿಸಿ ಏನೋ ಹೇಳಿದಳು. ಈಗಿನ ಮಕ್ಕಳು ಮಾತನ್ನು ಬಾಯಲ್ಲೇ ನುಂಗುತ್ತಾರೆ.

ಜನವರಿ 12, ಭಾನುವಾರ

ಹೊಸ ಸ್ಪೀಕರ್ ಬಂತು. ಭಾರವಾಗಿಯೇ ಇದೆ. ವೈರಿನ ಇಯರ್‌ಫೋನುಗಳೂ ಬಂದವು. ಕಿವಿಗೆ ತುರುಕಿಕೊಂಡು ಮೂವರೂ ನಿಂತದ್ದನ್ನು ನೋಡಿ, "ಇದೇನು, ಕಿವುಡರ ಸಂತೇನಾ?" ಎಂದೆ. ಉಜ್ವಲ್ ಮಾತ್ರ ನಕ್ಕ.

ಅವನು ಪ್ಯಾಡಿಗೆ ಬಡಿದಾಗ ಎದೆ ನಡುಗುತ್ತದೆ. ಬಡಿದ ಮೇಲೆ ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಏನೋ ಗಲಗಲ ಅನ್ನುತ್ತಿದೆಯಂತೆ. ವೈರು ಬದಲಾಯಿಸಿದರು. ಸ್ಪೀಕರಿನ ಕೆಳಗೆ ಗೋಣಿಚೀಲ ಮಡಿಸಿ ಇಟ್ಟರು. ಮತ್ತೆ ಬಡಿದರು, ಮತ್ತೆ ಮುಖ ನೋಡಿಕೊಂಡರು. ನಾನು ಅಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದೆ. ಯಾವ ಸದ್ದೂ ಇರಲಿಲ್ಲ. ಕೆಲಸ ತಪ್ಪಿಸುವುದಕ್ಕೆ ನೆಪ ಎಂದುಕೊಂಡೆ.

ಜನವರಿ 19, ಭಾನುವಾರ

ಹಾಡುವ ಹುಡುಗಿ ಇವತ್ತು ತನ್ನ ಮೈಕನ್ನು ಚೀಲಕ್ಕೆ ಹಾಕಿಕೊಂಡು ಹೋದಳು. ಅಟ್ಟದ ವಿಷಯಕ್ಕೆ ಬಾಯಿ ಹಾಕಿದಳು, ಹೇಳಬೇಕಾದ್ದನ್ನು ಹೇಳಿದೆ. ಜೀವಿತಾ ಊಟ ಮಾಡಲಿಲ್ಲ. ಹೊಸ ಸ್ಪೀಕರಿನದೇ ದೋಷ ಎಂದು ಉಜ್ವಲ್ ಅದನ್ನು ಅಂಗಡಿಗೆ ವಾಪಸು ಕೊಡಲು ಒಯ್ದ.

ಮನೆಯ ಮರ್ಯಾದೆ ನೋಡಿಕೊಳ್ಳುವವರು ಒಬ್ಬರಾದರೂ ಬೇಕಲ್ಲ.

ಜನವರಿ 20, ಸೋಮವಾರ

ನಿನ್ನೆ ಪೂರ್ತಿ ಬರೆಯಲಿಲ್ಲ. ಇವತ್ತು ಬರೆಯುತ್ತೇನೆ.

ನಿನ್ನೆ ಉಜ್ವಲ್ ಬಡಿದಾಗ ಬಿಂದುಶ್ರೀ ಹಾಡು ನಿಲ್ಲಿಸಿ ಕಿವಿಯಿಂದ ವೈರು ತೆಗೆದಳು. ತಲೆ ಮೇಲೆತ್ತಿ, "ಸ್ಪೀಕರ್ ಅಲ್ಲ ಕಣೇ ಜೀವಿ, ಸದ್ದು ಮೇಲಿಂದ ಬತ್ತಾ ಐತೆ. ಅಟ್ಟದ್ ಕಾಯಿ ಇರ್ಬೇಕು" ಎಂದಳು. ನನ್ನ ಕಡೆ ತಿರುಗಿ, "ಅಜ್ಜಿ, ನಿಮ್ಗೆ ಕೇಳಿಸ್ತಾ ಇಲ್ವಾ?" ಎಂದಳು.

ಸೊಕ್ಕಿನಿಂದ ಕೇಳಲಿಲ್ಲ. ಸುಮ್ಮನೆ ಕೇಳಿದಳು. ನಾನು ಎದ್ದು ನಿಂತು, "ಕುರಿ ಕಾಯೋ ಹಟ್ಟಿ ಕಿವಿ ನಿಂದು. ನಮ್ಮ ಅಟ್ಟದ ಸದ್ದು ನಿನಗೇನು ತಿಳೀತದೆ? ಒಳಗೆ ಸೇರಿಸ್ಕೊಂಡಿದ್ದೇ ಜಾಸ್ತಿ ಆಯ್ತು" ಎಂದೆ. ರೇಣುಕಪ್ರಸಾದ ಬಾಗಿಲಲ್ಲಿ ನಿಂತಿದ್ದ. ಬಿಂದುಶ್ರೀ ಮೈಕಿನ ವೈರು ಕಿತ್ತಳು.

ಇವತ್ತು ಎಲ್ಲರೂ ಹೊರಗೆ ಹೋದ ಮೇಲೆ ಏಣಿ ಇಟ್ಟು ಹತ್ತಿದೆ. ಒಂದು ಕಾಯಿ ಎತ್ತಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ. ಸದ್ದಿಲ್ಲ. ಇನ್ನೊಂದು. ಸದ್ದಿಲ್ಲ. ನನ್ನ ಮಾತೇ ಸರಿ ಎಂದು ಸಮಾಧಾನವಾಯಿತು. ಕೆಳಗೆ ಇಡುವಾಗ ಕಾಯಿ ಅಂಗೈಯಲ್ಲಿ ಒಂದಿಷ್ಟು ಹೊರಳಿತು. ಒಳಗಿನಿಂದ ಏನೋ ತಟ್ಟಿತು. ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ಮತ್ತೆ ಅಲ್ಲಾಡಿಸಿದೆ. ಉಂಡೆ ಚಿಪ್ಪಿಗೆ ಬಡಿಯುತ್ತಿತ್ತು. ಕೈಗೆ ಗೊತ್ತಾಗುತ್ತಿತ್ತು. ಕಿವಿಗೆ ಬರಲಿಲ್ಲ.

ಪಕ್ಕದ್ದನ್ನು ಎತ್ತಿದೆ. ಅದೂ ಹಾಗೆಯೇ. ಮೂಲೆಯದೂ ಹಾಗೆಯೇ. ಎತ್ತಿದ ಕಾಯಿಯೆಲ್ಲ ಸದ್ದು ಮಾಡುತ್ತಿತ್ತು, ನನ್ನೊಬ್ಬಳಿಗೆ ಕೇಳುತ್ತಿರಲಿಲ್ಲ.

ಏಣಿ ಇಳಿದು ಬಂದೆ. ಸೀರೆಯೆಲ್ಲ ಧೂಳು.

ಜನವರಿ 24, ಶುಕ್ರವಾರ

ಯಾರಿಗೂ ಹೇಳಿಲ್ಲ. ಕಾಯಿ ಆಯಿತೇ ಎಂದು ರೇಣುಕಪ್ರಸಾದ ಕೇಳಿದ. ಇಲ್ಲ ಎಂದೆ.

ಜೀವಿತಾ ಬಿಂದುಶ್ರೀಗೆ ಫೋನು ಮಾಡಿದರೆ ಅವಳು ಎತ್ತುತ್ತಿಲ್ಲ. ಬೇರೆ ಹಾಡುಗಾರ್ತಿಯನ್ನು ಕರೆಸಬಹುದಲ್ಲ ಎಂದೆ. "ಹಾಡೆಲ್ಲ ಅವಳ ಶ್ರುತಿಗೇ ಕೂರಿಸಿದ್ದೀವಿ. ಅವಳಿಲ್ಲದೆ ನಾನು ಸ್ಟೇಜ್ ಹತ್ತಲ್ಲ. ಬಸವರಾಜಪ್ಪನವರಿಗೆ ಆಗಲ್ಲ ಅಂತ ನೀವೇ ಹೇಳಿಬಿಡಿ" ಎಂದಳು. ಮೊದಲು ನನಗೆ ಬೇಕಾಗಿದ್ದದ್ದೂ ಇದೇ ಅಲ್ಲವೇ. ಫೋನು ಕೈಗೆ ತೆಗೆದುಕೊಂಡೆ, ಮಾಡಲಿಲ್ಲ.

ಜನವರಿ 27, ಸೋಮವಾರ

ತಿಪಟೂರಿನ ತಂಗಿಯ ಮನೆಗೆ ಎಂದು ಹೇಳಿ ಕಿವಿ ಡಾಕ್ಟರ ಬಳಿ ಹೋದೆ. ಗುರುತಿನವರು ಯಾರಾದರೂ ಇದ್ದಾರೆಯೇ ಎಂದು ಮೊದಲು ಬಾಗಿಲಿನಿಂದ ಇಣುಕಿ ನೋಡಿದೆ.

ಗಾಜಿನ ಕಿಟಕಿ ಇರುವ ಒಂದು ಗೂಡಿನಲ್ಲಿ ಕೂರಿಸಿದರು. ಕಿವಿಗೆ ದೊಡ್ಡ ಹೆಡ್‌ಫೋನು, ಕೈಗೆ ಒಂದು ಗುಂಡಿ. ಸದ್ದು ಕೇಳಿದಾಗ ಒತ್ತಬೇಕು. ಆಚೆ ಕಡೆ ಒಬ್ಬ ಹುಡುಗಿ ಮೆಷಿನ್ ತಿರುಗಿಸುತ್ತಿದ್ದಳು. ಮೊದಲು ಕೇಳಿಸಿತು, ಒತ್ತಿದೆ. ಆಮೇಲೆ ಏನೂ ಕೇಳಿಸಲಿಲ್ಲ. ಸುಮ್ಮನೆ ಕೂತರೆ ಏನೆಂದುಕೊಳ್ಳುತ್ತಾಳೋ ಎಂದು, ಗಾಜಿನಲ್ಲಿ ಅವಳ ಭುಜ ಅಲುಗಿದಾಗಲೆಲ್ಲ ಒತ್ತಿದೆ.

ಹೊರಗೆ ಬಂದ ಮೇಲೆ ಅವಳು ಮೆಲ್ಲಗೆ, "ಅಮ್ಮ, ನಾನು ಪೆನ್ನು ತಗೊಂಡಾಗಲೂ ಒತ್ತಿದ್ರಿ" ಎಂದಳು.

ಎಸ್ಸೆಸ್ಸೆಲ್ಸಿಯಲ್ಲಿ ಸಹ ನಾನು ಕಾಪಿ ಹೊಡೆದವಳಲ್ಲ. ಈ ವಯಸ್ಸಿನಲ್ಲಿ ಸಿಕ್ಕಿಬಿದ್ದೆ. ಗೋಡೆಯ ಕಡೆ ಮುಖ ಮಾಡಿ ಕೂರಿಸಿ ಮತ್ತೆ ಮೊದಲಿನಿಂದ ಪರೀಕ್ಷೆ ಮಾಡಿದಳು. ದಪ್ಪ ಸದ್ದು ಕೇಳುತ್ತದೆ, ಸಣ್ಣ ಸದ್ದು ಹೋಗಿದೆ, ಎರಡೂ ಕಿವಿಯಲ್ಲಿ. ಕಿವಿಗೆ ಮೆಷಿನ್ ಹಾಕಿಕೊಂಡರೆ ಅನುಕೂಲವಂತೆ. ಎಷ್ಟು ವರ್ಷದಿಂದ ಹೀಗಿದೆ ಎಂದು ಕೇಳಿದಳು. ನನಗೆ ಗೊತ್ತಿದ್ದರೆ ತಾನೇ.

ಜನವರಿ 31, ಶುಕ್ರವಾರ

ಮೆಷಿನ್ ತಂದೆ. ಕಿವಿಯ ಹಿಂದೆ ಕೂರುತ್ತದೆ, ಒಂದು ಸಣ್ಣ ದಾರದಂಥದ್ದು ಒಳಗೆ ಹೋಗುತ್ತದೆ. ಸೆರಗು ತಲೆ ಮೇಲೆ ಹೊದ್ದುಕೊಂಡರೆ ಕಾಣಿಸುವುದಿಲ್ಲ. "ಚಳಿನಾ ಅಮ್ಮ?" ಎಂದು ಮಗ ಕೇಳಿದ. ಹೌದು ಎಂದೆ.

ಮನೆಯ ತುಂಬ ಸದ್ದು. ಗಡಿಯಾರಕ್ಕೆ ಸದ್ದಿದೆ. ಅವಲಕ್ಕಿ ತಿನ್ನುವುದು ಜಲ್ಲಿ ಸುರಿದ ಹಾಗೆ ಕೇಳಿತು. ನನ್ನ ದನಿ ಇಷ್ಟು ಒರಟು ಎಂದು ಯಾರೂ ಹೇಳಿರಲಿಲ್ಲ. ಯಾರು ಹೇಳುತ್ತಾರೆ.

ಮಧ್ಯಾಹ್ನ ಸೊಸೆಯನ್ನು ಕರೆದೆ. ಅಡುಗೆಮನೆಯಿಂದ, "ಬಂದೆ ಅತ್ತೆ" ಎಂದಳು. ಸಣ್ಣ ದನಿ ಅವಳದು. ಸಂಜೆ ಇನ್ನೊಮ್ಮೆ ಸುಮ್ಮನೆ ಕರೆದೆ. "ಬಂದೆ ಅತ್ತೆ." ಬಂದು ಎದುರಿಗೆ ನಿಂತಳು. ನೀರು ಎಂದೆ.

ಇಷ್ಟು ವರ್ಷವೂ ಅವಳು ಉತ್ತರ ಕೊಡುತ್ತಲೇ ಇದ್ದಳು.

ಫೆಬ್ರವರಿ 2, ಭಾನುವಾರ

ಬೆಳಿಗ್ಗೆ ಚಿಕ್ಕನಾಯಕನಹಳ್ಳಿ ಬಸ್ಸು ಹತ್ತಿ, ಅಲ್ಲಿಂದ ಕಂದಿಕೆರೆಗೆ ಹೋದೆ. ಬಿಂದುಶ್ರೀಯ ಹಟ್ಟಿ ಅಲ್ಲಿಂದ ಒಂದಿಷ್ಟು ನಡಿಗೆ. ಅವಳ ಅಜ್ಜಿ ಕ್ಯಾತಮ್ಮ ಜಗುಲಿಯ ಮೇಲೆ ಹುರುಳಿ ಕೇರುತ್ತಿದ್ದಳು. ನಾನು ಯಾರೆಂದು ಹೇಳುವ ಮೊದಲೇ ಅವಳಿಗೆ ಗೊತ್ತಾಗಿತ್ತು. ಚಾಪೆ ಹಾಸಿ ಮಜ್ಜಿಗೆ ಕೊಟ್ಟಳು. ಬಿಸಿಲಲ್ಲಿ ನಡೆದು ಬಾಯಾರಿತ್ತು, ಕುಡಿದೆ.

"ಕುರಿ ಕಾಯೋ ಕಿವಿ ಅಂದ್ರಂತೆ" ಎಂದಳು ಕ್ಯಾತಮ್ಮ, ಮೊರ ನಿಲ್ಲಿಸದೆ. "ನಿಜವೇ ಕಣವ್ವ. ಪೊದೆಯಾಗೆ ಯಾವ ಮರಿ ಸಿಕ್ಕಾಕ್ಕಂಡೈತೆ ಅಂತ ಕೂಗ್ ಕೇಳೇ ಹುಡುಕ್ತೀವಿ. ನಂಗದು ಬೈಗುಳ ಅನ್ನಿಸ್ಲಿಲ್ಲ. ನನ್ ಮೊಮ್ಮಗ್ಳಿಗೆ ಅನ್ನಿಸ್ತು. ಅವ್ಳು ಓದಿರೋಳು ನೋಡಿ."

ನಗುತ್ತಿದ್ದಳೋ ಇಲ್ಲವೋ ತಿಳಿಯಲಿಲ್ಲ. ಬಿಂದುಶ್ರೀ ಒಳಗಿನಿಂದ ಬಂದು ಬಾಗಿಲಿಗೆ ಒರಗಿ ನಿಂತಳು. ಕೂರಲಿಲ್ಲ.

"ಕಾರ್ಯಕ್ರಮ ಹತ್ರ ಬಂತು. ಮನಸ್ಸಿಗೆ ಹಚ್ಕೋಬೇಡ, ಬಾ" ಎಂದೆ. ಬಸ್ಸಿನಲ್ಲಿ ಬೇರೆ ಮಾತು ಜೋಡಿಸಿಕೊಂಡಿದ್ದೆ. ಬಾಯಿಗೆ ಬಂದದ್ದು ಇದು.

"ಕಾಯಿ ಆಗಿತ್ತಾ ಅಜ್ಜಿ?"

"ಆಗಿತ್ತು."

"ಮತ್ತೆ ಅವತ್ತು?"

ಮೊರದ ಸದ್ದು ನಿಂತಿತು. "ನನಗೆ ಕೇಳಿಸಲಿಲ್ಲ. ಕಿವಿ ಹೋಗಿದೆ" ಎಂದೆ. ಸೆರಗು ಸರಿಸಲಿಲ್ಲ. "ಹಟ್ಟಿ ಅಂತ ಅಂದದ್ದು ತಪ್ಪು."

ಅವಳು ನೆಲ ನೋಡಿಕೊಂಡೇ ಹೇಳಿದಳು: "ಬಯ್ದಿದ್ದು ಅವ್ರೆಲ್ಲರ ಮುಂದೆ. ತಪ್ಪು ಅನ್ನೋದಕ್ಕೆ ಇಷ್ಟು ದೂರ ಬಂದಿದ್ದೀರ. ಅಲ್ಲಿ, ಅವ್ರ ಮುಂದೆ ಹೇಳ್ತೀರಾ?"

"ಹೇಳ್ತೀನಿ."

"ಹಂಗಾದ್ರೆ ಬತ್ತೀನಿ. ಜೀವಿಗೋಸ್ಕರ."

ಫೆಬ್ರವರಿ 5, ಬುಧವಾರ

ಹೇಳಲಿಲ್ಲ.

ಬಿಂದುಶ್ರೀ ಬಂದಳು. ಗೋದಾಮಿನಲ್ಲಿ ಎಲ್ಲರೂ ಇದ್ದರು, ಮಗನೂ ಇದ್ದ. ಎದ್ದು ನಿಂತೆ. "ಅಟ್ಟದ ಕಾಯಿ ಆಗಿದೆ. ಅವತ್ತಿನ ಸದ್ದು ಅದರದ್ದೇ. ನಾನು ಹತ್ತಿ ನೋಡಿದೆ" ಎಂದೆ. ಅಲ್ಲಿಗೆ ನಿಲ್ಲಿಸಿ ಕೂತುಬಿಟ್ಟೆ. ನಾನೇ ಕಂಡುಹಿಡಿದೆ ಎನ್ನುವ ಹಾಗೆ ಕೇಳಿಸಿತು. ರೇಣುಕಪ್ರಸಾದ, "ನಮ್ಮಮ್ಮನ ಕಿವಿ ಅಂದ್ರೆ ಸುಮ್ನೇನಾ" ಎಂದ.

ಜೀವಿತಾ ನಿಧಾನವಾಗಿ, "ಹಾಗಾದ್ರೆ ಸ್ಪೀಕರ್ ಸರಿ ಇತ್ತು" ಎಂದಳು. ಅಷ್ಟು ದಿನ ಹುಡುಕಿ ಆರಿಸಿದ ಸ್ಪೀಕರ್. ಅಂಗಡಿಯಲ್ಲಿ ಅದು ಬೇರೆಯವರ ಪಾಲಾಗಿದೆ. ಈಗ ಉಜ್ವಲನ ಗೆಳೆಯನ ಹಳೆಯದನ್ನು ಕೇಳಿ ತಂದಿದ್ದಾರೆ. ಉಜ್ವಲ್ ತಲೆಯ ಮೇಲೆ ಕೈ ಹೊತ್ತು, "ಕೊಬ್ಬರಿ ಮಾಡಿದ ತಪ್ಪಿಗೆ ಸ್ಪೀಕರ್‌ಗೆ ಶಿಕ್ಷೆ ಆಯ್ತಲ್ಲ ಮಾರಾಯ್ತಿ" ಎಂದ.

ಬಿಂದುಶ್ರೀ ಒಮ್ಮೆ ನನ್ನ ಕಡೆ ನೋಡಿದಳು. ಮೈಕಿಗೆ ವೈರು ಸಿಕ್ಕಿಸಿದಳು. ಹಾಡಿದಳು. ಸೆರಗಿನೊಳಗಿನ ಮೆಷಿನಿನಲ್ಲಿ ಅವಳ ದನಿಯ ಕೊನೆ ಎಳೆಯೂ ಕೇಳುತ್ತಿತ್ತು. ಮೇಲೆ ಕಾಯಿ ಗಲಗಲ ಅನ್ನುವುದೂ ಕೇಳುತ್ತಿತ್ತು. ಕೂರಲಾಗದೆ ಎದ್ದು ಬಂದೆ.

ಫೆಬ್ರವರಿ 10, ಸೋಮವಾರ

ನಿನ್ನೆಯ ಆರತಕ್ಷತೆಗೆ ತಿಪಟೂರಿನ ಕೊಬ್ಬರಿ ವರ್ತಕರೆಲ್ಲ ಬಂದಿದ್ದರು. ನಮ್ಮ ನೆಂಟರು ಮುಂದಿನ ಸಾಲಿನಲ್ಲಿ ಕೂತಿದ್ದರು.

ಮೂವರೂ ಕಿವಿಗೆ ಸಿಕ್ಕಿಸಿಕೊಂಡು ಸಜ್ಜಾದರು. ಜೀವಿತಾ ತಲೆ ಆಡಿಸಿದಳು. ಮೂವರೂ ಒಂದೇ ಸಲ ಹಾಡು ಎತ್ತಿಕೊಂಡರು. ಯಾರ ಮುಖದಲ್ಲೂ ಗಡಿಬಿಡಿ ಇರಲಿಲ್ಲ. ಎರಡನೆಯ ಹಾಡಿನಲ್ಲಿ ಹಳೆಯ ಸ್ಪೀಕರ್ ಕರಕರ ಎಂದಿತು. ಉಜ್ವಲ್ ಕೂತಲ್ಲಿಂದಲೇ ಕಾಲಿನಲ್ಲಿ ಒದ್ದ, ಸರಿಹೋಯಿತು. ಆ ಕರಕರ ನನಗೂ ಕೇಳಿತು. ಅದು ನನ್ನಿಂದ ಬಂದ ಸ್ಪೀಕರ್.

ಮುಗಿದ ಮೇಲೆ ಮೂವರೂ ಬಸವರಾಜಪ್ಪನವರ ಹತ್ತಿರ ಬಂದರು. ಅವರು ನಮ್ಮ ಸಾಲಿನ ಮುಂದೆಯೇ ನಿಂತಿದ್ದರು. ಹುಡುಗರನ್ನು ಹೊಗಳಿ, ನನ್ನ ಕಡೆ ತಿರುಗಿ, "ಏನಮ್ಮ, ಅಟ್ಟ ಯಾವಾಗ ಇಳಿಸ್ತೀರ? ಆಗಿದೆ ಅಂತ ನಿಮ್ಮ ಮಗ ಅಂದ. ನೀವು ಕೇಳಿದ ಮೇಲೆ ಮುಗೀತು, ನಾನೇನು ಒಡೆದು ನೋಡಲ್ಲ" ಎಂದರು. ಸುತ್ತ ಇದ್ದವರು ತಲೆದೂಗಿದರು.

ಹೂಂ ಎಂದರೆ ಆಗುತ್ತಿತ್ತು. ಬಿಂದುಶ್ರೀ ಬೇರೆಲ್ಲೋ ನೋಡುತ್ತ ಇಯರ್‌ಫೋನಿನ ವೈರನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು.

"ಕೇಳಿದ್ದು ನಾನಲ್ಲ. ಈ ಹುಡುಗಿ" ಎಂದೆ.

ಬಸವರಾಜಪ್ಪ ನಕ್ಕರು. "ತಮಾಷೆ ಮಾಡ್ತೀರ."

"ತಮಾಷೆ ಅಲ್ಲ ಕಣಪ್ಪ. ನನಗೆ ಕಿವಿ ಕೇಳಲ್ಲ. ಇವಳು ಕಾಯಿ ಸದ್ದು ಮಾಡ್ತಿದೆ ಅಂದಾಗ ಹಟ್ಟಿಯವಳು ಅಂತ ಬಯ್ದು ಓಡಿಸಿದೆ. ಇವಳಿಗೆ ಕೇಳಿಸಿದ್ದೇ ಸರಿ." ಅಷ್ಟು ಸಾಲದು ಅನ್ನಿಸಿತು. ಸೆರಗು ತೆಗೆದು ಕಿವಿಯನ್ನು ಅವರ ಕಡೆ ತಿರುಗಿಸಿದೆ.

ಜೀವಿತಾಳ ಕೈ ಬಾಯಿಗೆ ಹೋಯಿತು. ಹಿಂದೆ ಯಾರೋ ಹೆಂಗಸು, "ಪಾಪ, ಕಿವುಡಂತೆ ಕಣೇ" ಎಂದು ಪಿಸುಗುಟ್ಟಿದಳು. ಅದೂ ಕೇಳಿತು. ಮುಖಕ್ಕೆ ಬೆಂಕಿ ಹಾಯಿಸಿದ ಹಾಗಾಯಿತು. ಊಟಕ್ಕೆ ಕೂತಾಗಲೂ ಎಲ್ಲರ ಕಣ್ಣು ನನ್ನ ಕಿವಿಯ ಮೇಲೆಯೇ. ಪಾಯಸ ಎಲೆಯಲ್ಲೇ ಬಿಟ್ಟೆ.

ವಾಪಸು ಬರುವಾಗ ರೇಣುಕಪ್ರಸಾದ ಕಾರು ಓಡಿಸುತ್ತಿದ್ದ. ಜೀವಿತಾ ನನ್ನ ಪಕ್ಕ ಕೂತಿದ್ದಳು. ಮನೆ ಹತ್ತಿರ ಬಂದಾಗ, "ಅಜ್ಜಿ, ಆ ಮೆಷಿನ್‌ನಲ್ಲಿ ತಡವಾಗಿ ಕೇಳುತ್ತಾ?" ಎಂದಳು. ಇಲ್ಲ, ತಕ್ಷಣ ಕೇಳುತ್ತದೆ ಎಂದೆ. "ಹಾಗಾದ್ರೆ ಒಳ್ಳೇದೇ ಆರಿಸಿದ್ದೀರ" ಎಂದಳು.

ಸೆರಗು ಹೊದೆಯುವುದು ಮರೆತೇ ಮಲಗಿದ್ದೆ.

ಫೆಬ್ರವರಿ 12, ಬುಧವಾರ

ಇವತ್ತು ಅಟ್ಟ ಇಳಿಸಿದೆವು. ಬಿಂದುಶ್ರೀಗೆ ಮೊದಲನೇ ಬಸ್ಸಿಗೇ ಬಾ ಎಂದು ಹೇಳಿ ಕಳಿಸಿದ್ದೆ. ಬಂದಳು. ಏಣಿಯ ಹತ್ತಿರ ನಿಂತು ನನ್ನ ಮುಖ ನೋಡಿದಳು. "ನಾನು ಹತ್ಬಹುದಾ?" ಎಂದಳು.

ನನಗೆ ಮಂಡಿ ನೋವು, ಹತ್ತು ಎಂದೆ. ಯಾರಾದರೂ ಹತ್ತಲೇಬೇಕಿತ್ತು.

ಅವಳು ಮೇಲೆ ಹೋದಳು. ಒಂದೊಂದೇ ಕಾಯಿ ಎತ್ತಿ, ಕಣ್ಣು ಮುಚ್ಚಿ ಅಲ್ಲಾಡಿಸುತ್ತಿದ್ದಳು. ಕೆಲವನ್ನು ಈಚೆ ಇಟ್ಟಳು, ಕೆಲವನ್ನು ಹಿಂದಕ್ಕೆ ಸರಿಸಿದಳು. ನನಗೂ ಸದ್ದು ಬರುತ್ತಿತ್ತು. ಅತ್ತೆಯ ಕಾಲದಲ್ಲಿ ಕೇಳಿದ ಸದ್ದಲ್ಲ, ಡಬ್ಬಿಯೊಳಗೆ ಯಾರೋ ಕಾಳು ಹಾಕಿ ಕುಲುಕಿದ ಹಾಗೆ. ಅದನ್ನು ನಂಬುವುದೋ ಬಿಡುವುದೋ ನನಗಿನ್ನೂ ಗೊತ್ತಾಗುವುದಿಲ್ಲ.

ಅವಳ ಕೈಯಲ್ಲಿ ಒಂದು ಕಾಯಿ ನಿಂತಿತು. ಮತ್ತೆ ಅಲ್ಲಾಡಿಸಿದಳು. ಏಣಿಯನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದುಕೊಂಡು ಕೇಳಿದೆ:

"ಆಗಿದ್ಯೇನವ್ವ?"

ಅವಳು ಹೇಳುವವರೆಗೆ ಕಾದೆ.